ದಶಮಾಂಶ ಕಲಿತದ್ದು ಕಾಣಿಕೆ ಚೀಲದಿಂದ

ನಾವಿರುವುದು ಹಾಸನದಲ್ಲಿ, ಊರಂಚಿನ ಒಂದು ಬಡಾವಣೆ. ಮನೆಯವರದ್ದು ಮೋಟರ್ ರೀವೈಂಡಿಂಗ್ ಅಂಗಡಿ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಮಗ ಮೂರನೇ ಕ್ಲಾಸು, ಮಗಳು ಎಲ್‌ಕೆಜಿ. ಶಾಲೆ ಮತ್ತೆ ತೆರೆದಾಗ ಮಗಳು ಬ್ಯಾಗು ಹಾಕಿಕೊಂಡು ಕುಣಿಯುತ್ತಾ ಹೋದಳು. ಮಗ ಹೋಗಲಿಲ್ಲ. ಒತ್ತಕ್ಷರ ಬಂದರೆ ಅವನಿಗೆ ಓದು ನಿಂತೇ ಹೋಗುತ್ತಿತ್ತು, ಕ್ಲಾಸಿನಲ್ಲಿ ಎಲ್ಲರೆದುರು ನಿಲ್ಲಿಸಿ ಓದಿಸಿ ಓದಿಸಿ ಅವನಿಗೆ ಪುಸ್ತಕ ಅಂದರೇ ಹೊಟ್ಟೆನೋವು ಬರುವ ಹಾಗಾಗಿತ್ತು. ಸುಳ್ಳು ಹೊಟ್ಟೆನೋವಲ್ಲ, ನಿಜವಾದದ್ದೇ.

ಸರಿ, ಮನೆಯಲ್ಲೇ ಕಲಿಸೋಣ ಅಂದುಕೊಂಡೆ. ಗೋಡೆಗೆ ಕಪ್ಪು ಹಲಗೆ, ಟೈಮ್‌ಟೇಬಲ್, ಒಂಬತ್ತಕ್ಕೆ ಪ್ರಾರ್ಥನೆ, ಒಂಬತ್ತೂಕಾಲಿಗೆ ಗಣಿತ. ಹನ್ನೊಂದು ಗಂಟೆಗೆಲ್ಲ ಅವನೂ ಅಳುತ್ತಿದ್ದ, ನಾನೂ ಅಳುತ್ತಿದ್ದೆ, ಕುಕ್ಕರ್ ಒಂದೇ ಸಮ ಕೂಗುತ್ತಿತ್ತು. ಅವನು ಓಡಿ ಬಂದಿದ್ದು ಯಾವುದರಿಂದಲೋ ಅದನ್ನೇ ನಾನು ಮನೆಯೊಳಗೆ ತಂದಿಟ್ಟಿದ್ದೆ, ಅಷ್ಟೇ. ಎರಡು ತಿಂಗಳಿಗೆ ಹಲಗೆ ಇಳಿಸಿದೆ.

ಆಮೇಲೆ ಕಲಿಸಿದ್ದು ಹೆಚ್ಚಾಗಿ ನಮ್ಮ ಸಭೆ. ದೊಡ್ಡ ಚರ್ಚೇನಲ್ಲ. ಹದಿನೆಂಟು ಕುಟುಂಬ, ಶೀಟ್ ಹಾಕಿದ ಒಂದು ಹಾಲ್, ಒಂದು ಕೀಬೋರ್ಡ್, ಒಂದು ಢೋಲಕ್. ಜುಲೈಯಲ್ಲಿ ಮಳೆ ಹಿಡಿದರೆ ಪಾಸ್ಟರ್ ಏನು ಹೇಳುತ್ತಿದ್ದಾರೆ ಅಂತ ಮುಂದಿನ ಸಾಲಿನವರಿಗೆ ಮಾತ್ರ ಗೊತ್ತು. ಭಾನುವಾರ ಆರಾಧನೆ ಮುಗಿದ ಮೇಲೆ ಚಿತ್ರಾನ್ನ, ಟೀ. ಬುಧವಾರ ಸಂಜೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ.

ಓದು ಬಂದದ್ದು ಹಾಡಿನ ಪುಸ್ತಕದಿಂದ. ಇದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಹಾಡು ನಿಧಾನ, ಒಂದೊಂದು ಅಕ್ಷರವನ್ನೂ ಎಳೆದು ಹಾಡುತ್ತೇವೆ, ಜೊತೆಗೆ ಪಲ್ಲವಿ ನಾಲ್ಕು ಸಲ ಬರುತ್ತದೆ. ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಹೋದರೆ ಕಣ್ಣು ಕಿವಿ ಎರಡಕ್ಕೂ ಸಮಯ ಸಿಗುತ್ತದೆ. 'ಸ್ತೋತ್ರ' ಅನ್ನುವ ಒಂದೇ ಪದದಲ್ಲಿ ಎರಡು ಒತ್ತಕ್ಷರ ಇವೆ ಅಲ್ವಾ, ಅದನ್ನು ಅವನು ವಾರಕ್ಕೆ ನೂರು ಸಲ ನೋಡಿದ, ನೂರು ಸಲ ಹಾಡಿದ. ಗುಂಪಿನಲ್ಲಿ ತಪ್ಪು ಹಾಡಿದರೆ ಯಾರಿಗೂ ಕೇಳಿಸುವುದೂ ಇಲ್ಲ. ಆರು ತಿಂಗಳಾದ ಮೇಲೆ ಒಂದು ಬುಧವಾರ 23ನೇ ಕೀರ್ತನೆ ಓದುತ್ತೇನೆ ಅಂತ ಅವನೇ ಎದ್ದು ನಿಂತ. ಅರ್ಧ ಬಾಯಿಪಾಠ ಇತ್ತು, ನನಗೆ ಗೊತ್ತು. ಆದರೂ.

ಗಣಿತ ಕಲಿಸಿದ್ದು ನಮ್ಮ ಖಜಾಂಚಿ ತಾತ. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು, ನೋಟನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡು ಎಣಿಸುವ ಅಭ್ಯಾಸ ಈಗಲೂ ಇದೆ. "ಬಾರೋ ಮಗಾ, ಚಿಲ್ಲರೆ ನೀನು ಎಣಿಸು" ಅಂತ ಒಂದು ಭಾನುವಾರ ಕಾಣಿಕೆ ಚೀಲ ಅವನ ಮುಂದೆ ಸುರಿದರು. ಮೊದಲು ಹತ್ತರ ಗುಡ್ಡೆ, ಆಮೇಲೆ ಲೆಡ್ಜರಿನಲ್ಲಿ ಕೂಡಿಸುವುದು, ಆಮೇಲೆ ಕರೆಂಟ್ ಬಿಲ್ಲು ಕಳೆಯುವುದು. ನಾನು ಹಲಗೆ ಮೇಲೆ ಬರೆದು ಬರೆದು ಸೋತ ದಶಮಾಂಶವನ್ನು ತಾತ ಒಂದೇ ಮಾತಲ್ಲಿ ಹೇಳಿಬಿಟ್ಟರು. "ಸಭೆಯಲ್ಲಿ ದಶಮಾಂಶ ಕೊಡ್ತೀವಲ್ಲ, ಹತ್ತರಲ್ಲಿ ಒಂದು ಪಾಲು. ನಿನ್ನ ಪುಸ್ತಕದ ದಶಮಾಂಶವೂ ಅದೇ ಕಣೋ, ಚುಕ್ಕಿ ಆದಮೇಲೆ ಮೊದಲನೇ ಮನೆ ಹತ್ತನೇ ಒಂದು." ಎರಡೂ ಒಂದೇ ಪದ ಅಂತ ನನಗೂ ಅಷ್ಟು ವರ್ಷ ಹೊಳೆದಿರಲಿಲ್ಲ.

ಇಲ್ಲೊಂದು ಎಡವಟ್ಟೂ ಆಯಿತು. ದಶಮಾಂಶದ ಕವರಿನ ಮೇಲೆ ಹೆಸರು ಬರೆದಿರುತ್ತದೆ. ಯಾವ ಅಂಕಲ್ ಎಷ್ಟು ಕೊಟ್ಟರು ಅಂತ ನನ್ನ ಮಗ ಸಂಡೇ ಸ್ಕೂಲಿನಲ್ಲಿ ಎಲ್ಲ ಮಕ್ಕಳಿಗೂ ಹೇಳಿಬಿಟ್ಟ, ಸುಮ್ನೆ, ಲೆಕ್ಕ ಬರುತ್ತದೆ ಅಂತ ತೋರಿಸಿಕೊಳ್ಳಲು. ಹದಿನೆಂಟು ಮನೆಯ ಸಭೆಯಲ್ಲಿ ಇಂಥ ಮಾತು ಊಟದ ಹೊತ್ತಿಗೆ ಎಲ್ಲ ಕಡೆ ತಲುಪುತ್ತದೆ. ಒಂದು ಕುಟುಂಬ ಮೂರು ವಾರ ಬರಲಿಲ್ಲ. ನಾನು, ಮನೆಯವರು, ಮಗ ಮೂವರೂ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಆ ಅಕ್ಕ ಕಾಫಿ ಕೊಟ್ಟರು, ಮಾತು ಜಾಸ್ತಿ ಆಡಲಿಲ್ಲ. ಈಗ ಕವರನ್ನು ತಾತ ತಾವೇ ಒಡೆದು ಮೊತ್ತ ಮಾತ್ರ ಹೇಳುತ್ತಾರೆ. ಮೊದಲೇ ಹಾಗೆ ಮಾಡಬೇಕಿತ್ತು.

ಸಣ್ಣ ಸಭೆಯ ಇನ್ನೊಂದು ಕಷ್ಟ, ಎಲ್ಲರಿಗೂ ನಿಮ್ಮ ಮಕ್ಕಳ ಬಗ್ಗೆ ಅಭಿಪ್ರಾಯ ಇರುತ್ತದೆ. ಮುಖಕ್ಕೆ ಹೇಳಿದರೆ ವಾದ ಮಾಡಬಹುದು. ಪ್ರಾರ್ಥನೆಯಲ್ಲಿ ಹೇಳಿದರೆ ಏನು ಮಾಡುವುದು? "ಕರ್ತನೇ, ಈ ಮಗನಿಗೆ ಶಾಲೆಗೆ ಹೋಗುವ ಮನಸ್ಸು ಕೊಡು, ತಂದೆತಾಯಿಗೆ ಬುದ್ಧಿ ಕೊಡು" ಅಂತ ಒಬ್ಬರು ಗಟ್ಟಿಯಾಗಿ ಪ್ರಾರ್ಥಿಸಿದರು, ನಮ್ಮದೇ ಮನೆಯಲ್ಲಿ, ನಮ್ಮದೇ ಉಪ್ಪಿಟ್ಟು ತಿನ್ನುವ ಮುಂಚೆ. ನಾನೂ ಆಮೆನ್ ಅಂದೆ.

ಅವರ ಭಯ ಸುಳ್ಳೇನಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಅನ್ನುತ್ತದೆ. ಸೇರಿಸದ ತಂದೆತಾಯಿಗೆ ಶಿಕ್ಷೆ ಅಂತ ಅದರಲ್ಲಿ ಬರೆದಿಲ್ಲ, ಮನೆಯಲ್ಲೇ ಕಲಿಸಬಹುದು ಅಂತಲೂ ಬರೆದಿಲ್ಲ. ಆ ನಡುವಿನ ಜಾಗದಲ್ಲಿ ನಾವು ಇಷ್ಟು ವರ್ಷ ನಿದ್ದೆಗೆಟ್ಟು ಕೂತಿದ್ದೆವು. ಈಗ ಮಗನಿಗೆ 14 ತುಂಬಿದೆ, ಎನ್‌ಐಒಎಸ್‌ನಲ್ಲಿ ಅಂದರೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಾದ ಕೇಂದ್ರ ಸರ್ಕಾರದ ಮುಕ್ತ ಶಾಲೆಯಲ್ಲಿ, ಹತ್ತನೇ ತರಗತಿಗೆ ಹಾಕುತ್ತಿದ್ದೇವೆ. ಐದು ವಿಷಯ, ಅದರಲ್ಲಿ ಕನ್ನಡವೂ ಒಂದು. ನೋಂದಣಿ ಐದು ವರ್ಷ ಇರುತ್ತದೆ, ಎಲ್ಲವನ್ನೂ ಒಂದೇ ಸಲ ಬರೆಯಬೇಕಿಲ್ಲ. ಇವನಂಥ ಹುಡುಗನಿಗೆ ಅದೇ ದೊಡ್ಡ ವಿಷಯ.

ಸಮಾಜ ವಿಜ್ಞಾನ ಮಾತ್ರ ಸ್ವಲ್ಪ ಹಿಂದೆ ಉಳಿದಿದೆ. ಈಸ್ಟರ್ ಆದ ಮೇಲೆ ಸಭೆಯವರೆಲ್ಲ ಟೆಂಪೋ ಮಾಡಿಕೊಂಡು ಶೆಟ್ಟಿಹಳ್ಳಿಗೆ ಹೋಗಿದ್ದೆವು. ಬೇಸಿಗೆಯಾದ್ದರಿಂದ ನೀರಿಳಿದು ಹಳೇ ಚರ್ಚಿನ ಗೋಡೆ ಬುಡದವರೆಗೂ ಕಾಣುತ್ತಿತ್ತು. ಅದು ಮುಳುಗಿದ್ದು ಗೊರೂರು ಅಣೆಕಟ್ಟಿನಿಂದ, ಆ ನೀರು ಮುಂದೆ ಕಾವೇರಿಗೆ ಸೇರುತ್ತದೆ ಅಂತ ನಾನು ಪಾಠ ಶುರು ಮಾಡಿದೆ. ಮಗ ಕೇಳಿಸಿಕೊಳ್ಳಲಿಲ್ಲ. "ಇಲ್ಲಿದ್ದವರು ಭಾನುವಾರ ಎಲ್ಲಿಗೆ ಹೋದ್ರು?" ಅಂತ ಕೇಳಿದ. ಉತ್ತರ ನನ್ನ ಹತ್ತಿರ ಇರಲಿಲ್ಲ, ತಾತನೇ ಅವನ ಜೊತೆ ಕೂತು ಬಹಳ ಹೊತ್ತು ಮಾತಾಡಿದರು.

ಅದೇ ಹತ್ತು ಮಕ್ಕಳ ಜೊತೆ ಬೆಳೆಯಬಾರದು ಅಂತ ಸಂಜೆ ಕ್ರಿಕೆಟ್ಟಿಗೆ ಕಳಿಸುತ್ತೇವೆ. ಇದನ್ನು ನಾವು ಎರಡು ವರ್ಷ ತಡ ಮಾಡಿದೆವು, ಅದು ನನ್ನ ತಪ್ಪು. ಮಗಳು ಶಾಲೆಯಲ್ಲೇ ಖುಷಿಯಾಗಿದ್ದಾಳೆ, ಅವಳನ್ನು ಬಿಡಿಸುವ ಯೋಚನೆ ಇಲ್ಲ. ಭಾನುವಾರ ಅವಳೂ ಎಣಿಸಲು ಕೂರುತ್ತಾಳೆ. ಮಗ್ಗಿ ಅಣ್ಣನಿಗಿಂತ ಬೇಗ ಹೇಳುತ್ತಾಳೆ, ಅವನಿಗೂ ಅದು ಗೊತ್ತು. ಅದಕ್ಕೇ ಚಿಲ್ಲರೆಯನ್ನೆಲ್ಲ ಅವಳ ಕಡೆ ತಳ್ಳಿ ನೋಟು ತಾನಿಟ್ಟುಕೊಳ್ಳುತ್ತಾನೆ.