ಕಲ್ಯಾಣ ಕರ್ನಾಟಕದಲ್ಲಿ ಟಿ.ವಿ. ರಾಜಕೀಯ ವರದಿಗಾರಿಕೆ: ಹೊಸಬರಿಗೆ ಕೆಲವು ಸೂಚನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ರಾಜಕೀಯ ವರದಿಗಾರರಾಗಿ ದೀರ್ಘಕಾಲ ನಿಲ್ಲಬೇಕೆನ್ನುವವರು ಮೊದಲು ಕ್ಷೇತ್ರದ ಎಲ್ಲೆಗಳನ್ನು ತಿಳಿದುಕೊಳ್ಳಬೇಕು. ಕೊಪ್ಪಳ ಲೋಕಸಭಾ ಕ್ಷೇತ್ರದಲ್ಲಿ ಆ ಜಿಲ್ಲೆಯ 5 ವಿಧಾನಸಭಾ ಕ್ಷೇತ್ರಗಳಲ್ಲದೆ ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಹಾಗೂ ಬಳ್ಳಾರಿ ಜಿಲ್ಲೆಯ ಸಿರುಗುಪ್ಪವೂ ಸೇರಿವೆ. ಕೊಪ್ಪಳ ಪೇಟೆಯಲ್ಲಿ ನಾಲ್ಕು ಬೈಟ್ (ಕ್ಯಾಮೆರಾ ಮುಂದೆ ಹೇಳಿಸಿದ ಚುಟುಕು ಮಾತು) ಪಡೆದು ಇಡೀ ಕ್ಷೇತ್ರದ ಒಲವು ಇದೇ ಎನ್ನುವುದು ವೀಕ್ಷಕರಿಗೆ ಮಾಡುವ ಅನ್ಯಾಯ.

ನೀರಿನ ಲೆಕ್ಕ ಬಾರದೆ ಇಲ್ಲಿನ ರಾಜಕೀಯ ಅರ್ಥವಾಗುವುದಿಲ್ಲ. ತುಂಗಭದ್ರಾ ನೀರಾವರಿ ಸಲಹಾ ಸಮಿತಿಯ ಸಭೆ ಮುಗಿದೊಡನೆ ಸಚಿವರ ಬೈಟ್ ಎಲ್ಲ ಚಾನೆಲ್‌ಗಳಿಗೂ ಸಿಗುತ್ತದೆ. ನೀವು ಯಾವ ನಾಲೆಗೆ, ಯಾವ ದಿನಾಂಕದವರೆಗೆ, ಎಷ್ಟು ಕ್ಯುಸೆಕ್ (ಸೆಕೆಂಡಿಗೆ ಹರಿಯುವ ಘನ ಅಡಿ ನೀರು) ಎಂಬುದನ್ನು ಬರೆದಿಟ್ಟುಕೊಂಡು, ಕೆಲವು ವಾರಗಳ ನಂತರ ಎಡದಂಡೆ ನಾಲೆಯ ಕೊನೆಭಾಗದ ಮಾನ್ವಿ, ಸಿರವಾರದ ಕಡೆ ಹೋಗಿ, ಹೇಳಿದಷ್ಟು ನೀರು ಬಂದಿದೆಯೇ ಎಂದು ಗದ್ದೆಯಲ್ಲಿ ನಿಂತು ನೋಡಿ ಬನ್ನಿ. 11,574 ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ (ನೂರು ಕೋಟಿ ಘನ ಅಡಿ), ಇದು ಬಾಯಿಪಾಠವಿರಲಿ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಉಳಿಯುವ ನೀರು ಬೆಳೆಗೆ ಸಾಕಾದೀತೇ ಎಂಬ ರೈತರ ಆತಂಕಕ್ಕೆ ಉತ್ತರಿಸಲು, ಅಣೆಕಟ್ಟೆಯ ಮುಂದೆ ನಿಂತು ಲೈವ್ ಕೊಟ್ಟರಷ್ಟೇ ಸಾಲುತ್ತಿರಲಿಲ್ಲ.

ಇನ್ನು ಕಾಗದಪತ್ರ. ಅಭ್ಯರ್ಥಿ ನಮೂನೆ 26ರಲ್ಲಿ ಸಲ್ಲಿಸುವ ಪ್ರಮಾಣಪತ್ರವನ್ನು ಕಳೆದ ಚುನಾವಣೆಯದರ ಪಕ್ಕದಲ್ಲಿಟ್ಟು ಆಸ್ತಿ, ಸಾಲ, ಬಾಕಿ ಪ್ರಕರಣಗಳನ್ನು ಸಾಲು ಸಾಲಾಗಿ ಹೋಲಿಸಿ. ಫಲಿತಾಂಶದ ನಂತರ ನಮೂನೆ 20ರಲ್ಲಿ ಮತಗಟ್ಟೆವಾರು ಮತಗಳು ಸಿಗುತ್ತವೆ. ಯಾವ ಊರು ಯಾರನ್ನು ಕೈಬಿಟ್ಟಿತು ಎಂಬುದು ಅಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಯಾವ ಸ್ಟುಡಿಯೋ ಚರ್ಚೆಯಲ್ಲೂ ಕಾಣದು.

ಬಳ್ಳಾರಿಯಲ್ಲಿ ದುಡಿಯುವವರು 1999ರ ಸೋನಿಯಾ ಗಾಂಧಿ–ಸುಷ್ಮಾ ಸ್ವರಾಜ್ ಸ್ಪರ್ಧೆ, ಅಕ್ರಮ ಗಣಿಗಾರಿಕೆ ವಿರುದ್ಧ ಕಾಂಗ್ರೆಸ್ ನಡೆಸಿದ 2010ರ ಬೆಂಗಳೂರು–ಬಳ್ಳಾರಿ ಪಾದಯಾತ್ರೆ, 2011ರ ಲೋಕಾಯುಕ್ತ ಗಣಿ ವರದಿಗಳನ್ನು ಓದಿಕೊಂಡಿರಲೇಬೇಕು. ಇಲ್ಲದಿದ್ದರೆ ಹಿರಿಯ ನಾಯಕರು ತಮಗೆ ಬೇಕಾದಂತೆ ಇತಿಹಾಸ ಹೇಳಿ ಎದ್ದು ಹೋಗುತ್ತಾರೆ, ನೀವು ತಲೆಯಾಡಿಸುತ್ತಾ ಉಳಿಯುತ್ತೀರಿ.

ಪ್ರಶ್ನೆ ಚಿಕ್ಕದಿರಲಿ, ಒಂದು ಸಲಕ್ಕೆ ಒಂದೇ ಇರಲಿ. ಉತ್ತರ ಬರುವವರೆಗೆ ಕಾಯಿರಿ. ಪಕ್ಷದ ವಾಹನವನ್ನು ಹತ್ತಬೇಡಿ. ಡೆಸ್ಕ್‌ಗೆ ತುಣುಕು ಕಳುಹಿಸಿದ ಮೇಲೂ ಪೂರ್ತಿ ಫುಟೇಜನ್ನು ದಿನಾಂಕ, ಊರಿನ ಹೆಸರಿನೊಂದಿಗೆ ತೆಗೆದಿಡಿ: ‘ನನ್ನ ಹೇಳಿಕೆಯನ್ನು ತಿರುಚಲಾಗಿದೆ’ ಎಂದು ನಾಯಕರು ಹೇಳಿದ ದಿನ ನಿಮ್ಮ ನೆರವಿಗೆ ಬರುವುದು ಅದೊಂದೇ.