ಬೆಳೆಯುವ ಹಂದಿಗಳಿಗೆ ತೌಡು, ಬೂಸಾ ಹಾಕುವಾಗ
ಹಾವೇರಿ ಸುತ್ತಮುತ್ತ ಅಕ್ಕಿ ಗಿರಣಿಯ ತೌಡು ಮತ್ತು ಗೋಧಿ ಬೂಸಾ ಸುಲಭವಾಗಿ ಸಿಗುತ್ತವೆಯಾದರೂ, ಅವುಗಳನ್ನಷ್ಟೇ ಹೊಟ್ಟೆ ತುಂಬ ಹಾಕಿದರೆ ಹಂದಿಮರಿಗಳು ಸರಿಯಾಗಿ ಬೆಳೆಯುವುದಿಲ್ಲ. ಬೂಸಾದಲ್ಲಿ ನಾರು ಹೆಚ್ಚು, ಮೈ ತುಂಬಲು ಬೇಕಾದ ಲೈಸಿನ್ (ಪ್ರೋಟೀನಿನ ಒಂದು ಘಟಕ) ಮತ್ತು ಸುಣ್ಣದ ಅಂಶ ಕಡಿಮೆ. 20 ಕಿಲೋ ದಾಟಿದ ಮರಿಗಳಿಗೆ ಇವೆರಡೂ ಸೇರಿ ಒಟ್ಟು ಮೇವಿನ ಕಾಲುಭಾಗ ಮೀರದಂತೆ ನೋಡಿಕೊಂಡು, ಉಳಿದ ಪಾಲಿಗೆ ಗೋವಿನಜೋಳದ ನುಚ್ಚು, ಸೋಯಾ ಹಿಂಡಿ ಹಾಗೂ ಖನಿಜ ಮಿಶ್ರಣವನ್ನು ಬೆರೆಸುವುದು ಒಳ್ಳೆಯದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು ತೌಡಿನ ತಾಜಾತನ. ಎಣ್ಣೆ ತೆಗೆಯದ ತೌಡು ಬೇಸಿಗೆಯಲ್ಲಿ ಕೆಲವೇ ದಿನಗಳಲ್ಲಿ ಕಮಟು ಹಿಡಿಯುತ್ತದೆ. ಕೊಳ್ಳುವ ಮುನ್ನ ಒಂದು ಹಿಡಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಿರಿ. ಒಳ್ಳೆಯ ತೌಡು ಮೆತ್ತಗೆ ಉಂಡೆಗಟ್ಟುತ್ತದೆ, ಹೊಟ್ಟು ಬೆರೆತಿದ್ದರೆ ಚುಚ್ಚುತ್ತದೆ, ನೀರಿಗೆ ಹಾಕಿದರೆ ಆ ಹೊಟ್ಟು ಮೇಲೆ ತೇಲುತ್ತದೆ. ಬೂಷ್ಟು ಕಂಡ ಚೀಲವನ್ನು ದಯವಿಟ್ಟು ಮರಿಗಳಿಗೆ ಹಾಕಲೇಬೇಡಿ.