ಲಾರಿಗೆ ಸಿಕ್ಕ ಟಗರು, ನಮ್ಮನೆ ಸಾರು

ಕುರಿ ಕೊಯ್ಯಿಸಿ ತಿನ್ನುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು. ಖಂಡದ ಆಸೆ ಮಾತ್ರ ಬಿಟ್ಟಿಲ್ಲ, ಸುಳ್ಳು ಯಾಕೆ ಹೇಳಲಿ? ಗಾಡಿಗೆ ಸಿಕ್ಕು ಸತ್ತದ್ದಾದರೆ ತಿನ್ನುತ್ತೇನೆ. ಅದು ನನ್ನ ಊಟಕ್ಕೆ ಅಂತ ಸತ್ತದ್ದಲ್ಲ ಅಲ್ವಾ?

ನಮ್ಮೂರು ಗಂಗಾವತಿ–ಸಿಂಧನೂರು ರಸ್ತೆಯ ಪಕ್ಕ. ಭತ್ತದ ಕೊಯ್ಲು ಮುಗಿಯುತ್ತಲೇ ಕುರಿಗಾರರು ಬರುತ್ತಾರೆ, ಗೊಬ್ಬರಕ್ಕೆ ಹೊಲದಲ್ಲಿ ಕುರಿ ತರುಬಿಸುತ್ತೇವೆ. ಭತ್ತದ ಲಾರಿಗಳ ಓಡಾಟವೂ ಆಗಲೇ ಜಾಸ್ತಿ. ಮೊದಲ ಸಲ ಒಂದು ಟಗರು ನನ್ನ ಕಣ್ಣೆದುರೇ ಬಿತ್ತು. ಲಾರಿ ನಿಲ್ಲಲಿಲ್ಲ. ಕುರಿಗಾರ ತಲೆ ಮೇಲೆ ಕೈ ಹೊತ್ತು ಕೂತ. ಅವನು ಕೇಳಿದಷ್ಟು ಕೊಟ್ಟು ತಂದೆ. ಸತ್ತದ್ದು ಅಂತ ಬಿಟ್ಟಿ ಒಯ್ಯುವುದು ಕಳ್ಳತನವೇ.

ಬೇವಿನ ಮರಕ್ಕೆ ತಲೆಕೆಳಗಾಗಿ ಕಟ್ಟಿ ಮೊದಲು ಹೊಟ್ಟೆ ತೆಗೆದೆ. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ, ತಡ ಮಾಡಿದರೆ ಹೊಟ್ಟೆ ಉಬ್ಬಿ ಎಲ್ಲ ಹಾಳು. ಪೆಟ್ಟು ಬಿದ್ದ ತೊಡೆಯಲ್ಲಿ ಬರೀ ಹೆಪ್ಪುಗಟ್ಟಿದ ರಕ್ತ, ಅದನ್ನು ಕತ್ತರಿಸಿ ಎಸೆದೆ. ರಕ್ತ ಸರಿಯಾಗಿ ಇಳಿಯದೆ ಖಂಡ ಕಪ್ಪಗಿತ್ತು. ಎರಡು ತಾಸು ಬೇಯಿಸಿದೆ. ಕರುಳು ಒಡೆದು ಹಿಕ್ಕೆ ತಗುಲಿದ್ದರೆ ಮುಟ್ಟುವುದೇ ಇಲ್ಲ. ಇಂಜೆಕ್ಷನ್ ಹಾಕಿಸಿದ್ದರಾ, ಮಂಕಾಗಿತ್ತಾ ಅಂತ ಕುರಿಗಾರನನ್ನು ಕೇಳುತ್ತೇನೆ.

ಬೀಳುವುದನ್ನು ನಾನೇ ನೋಡಿರಬೇಕು. ರಸ್ತೆ ಬದಿ ಸತ್ತು ಬಿದ್ದದ್ದೆಲ್ಲ ಗಾಡಿಗೇ ಸಿಕ್ಕದ್ದು ಅಂತ ಹೇಗೆ ಹೇಳುವುದು? ನೆರಡಿ ರೋಗದಿಂದ (ಆಂಥ್ರಾಕ್ಸ್) ಸತ್ತಿದ್ದರೆ ಕೊಯ್ದವನಿಗೂ ಅಂಟುತ್ತದೆ. ಇನ್ನು ಮೊಲ, ನವಿಲು ಬೇಡವೇ ಬೇಡ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸತ್ತ ಮೇಲೂ ಅವು ಸರ್ಕಾರದ್ದು.

ಅವತ್ತು ರಾತ್ರಿ ಗೆಳೆಯನನ್ನು ಊಟಕ್ಕೆ ಕರೆದಿದ್ದೆ. ರೊಟ್ಟಿ ಮುರಿಯುವ ಮುಂಚೆ ವಿಷಯ ಹೇಳಿದೆ. ಕೈ ಹಿಂದಕ್ಕೆ ತೆಗೆದ.

"ಸತ್ತ ಪ್ರಾಣಿ ತಿನ್ನೋದು ಬಿಡ್ರಿ ಅಂತ ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಹೇಳಿದ್ದರು. ನಮ್ಮಜ್ಜ ಬಿಟ್ಟಾಗ ಊರಿನವರು ಅವನಿಗೆ ಹೊಡೆದಿದ್ದರು. ನೀನು ಈಗ ಶುರು ಮಾಡೀಯಲ್ಲ, ನಿನ್ನನ್ನ ಯಾರಾದರೂ ನಮ್ಮ ಹಾಗೆ ಊರಿನಿಂದ ಹೊರಗೆ ಇಡ್ತಾರೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಶೇಂಗಾ ಚಟ್ನಿ, ಮೊಸರು ತಂದಿಟ್ಟೆ. ರೊಟ್ಟಿ ಉಂಡು ಹೋದ, ಸಿಟ್ಟೇನೂ ಮಾಡಿಕೊಳ್ಳಲಿಲ್ಲ. ಸಾರು ನಾನೊಬ್ಬನೇ ಉಂಡೆ.

ಈಗಲೂ ತರುತ್ತೇನೆ, ವರ್ಷಕ್ಕೆ ಒಂದೋ ಎರಡೋ. ಊಟಕ್ಕೆ ಮಾತ್ರ ಯಾರನ್ನೂ ಕರೆಯುವುದಿಲ್ಲ.